ಮೂರನೆಯ ಚೌಕ

ಬಣ್ಣ ನೋಡಬೇಡ, ಅಂದಳು ವಿನ್ ಹೆಡ್ಲಿ
ಮೊದಲ ಗುರುವಾರವೇ.
ಕೆಂಪು ಅಳಿಲು ಹುಡುಕಲು ಬಂದವನಿಗೆ
ಇದೆಂಥ ಪಾಠ!

ಮೂವತ್ತೊಂದು ವರ್ಷ ಲಾರಿ ಓಡಿಸಿದ ಕಣ್ಣು ನನ್ನದು.
ಕೆಂಪು ಅಂದರೆ ಮುಂದಿನವನ ಬ್ರೇಕು,
ಕೆಂಪು ಅಂದರೆ ಬಲಗಾಲು ತಾನಾಗಿ ಕೆಳಕ್ಕೆ.
ಇಲ್ಲಿ, ನಾರ್ತಂಬರ್ಲೆಂಡಿನ ಈ ಸ್ಪ್ರೂಸ್ ಕಾಡಿನಲ್ಲಿ,
ಅಕ್ಟೋಬರಿನಲ್ಲಿ, ಏನು ತಾನೇ ಕೆಂಪಲ್ಲ?
ಒಣಗಿದ ಜರೀಗಿಡ, ಬೀಚ್ ಮರದ ಉದುರು,
ಬೇಲಿಯ ತುಕ್ಕುತಂತಿ, ವಿನ್‌ಳ ಮೂಗಿನ ತುದಿ.

ಬೂದು ಅಳಿಲಿಗೂ ಬೇಸಿಗೆಗೆ ಪಕ್ಕೆ ಕೆಂಚಾಗುತ್ತದೆ,
ಕೆಂಪಿಗೂ ಚಳಿಗೆ ಬೆನ್ನ ಮೇಲೆ ಬೂದಿ ಕೂರುತ್ತದೆ.
ಕೆಂಪಗಿರುವುದೆಲ್ಲ ಕೆಂಪಲ್ಲ ಕಣಯ್ಯ.
ಬಾಲ ನೋಡು: ಬಿಳಿಯ ಸೆರಗಂಚು ಇದ್ದರೆ ಬೂದು.
ಕಿವಿ ನೋಡು: ಕುಚ್ಚು ಇದ್ದರೆ ಕೆಂಪು
(ಬೇಸಿಗೆಗೆ ಅದೂ ಉದುರುತ್ತೆ, ಪೂರಾ ನಂಬಬೇಡ).
ಎಲ್ಲಕ್ಕಿಂತ ಕೊಂಬೆ ನೋಡು.
ಬೂದು ಬಂದರೆ ಕೊಂಬೆ ಬಾಗಿ ನಿಟ್ಟುಸಿರು ಬಿಡುತ್ತದೆ.
ಕೆಂಪು ಬಂದದ್ದು
ಅದು ಹೋದ ಮೇಲೆ ಕೊಂಬೆಗೆ ಗೊತ್ತಾಗುತ್ತದೆ.

ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದು ಮುದುಕಿಯಾದವಳು
ಈಗ ಕಾಡಿನ ಪಂಕ್ತಿ ನೋಡಿಕೊಳ್ಳುತ್ತಾಳೆ.
ಸುತ್ತ ಸುಲಿದು ನಡುದಿಂಡು ಬಿಟ್ಟ ಪೈನ್ ಕಾಯಿ,
ನೆಟ್ಟಗೆ ಎರಡು ಹೋಳಾದ ಹೇಜಲ್ ಬೀಜ.
ಎಂಜಲು ಅಳಿಲು ಅನ್ನುತ್ತದೆ, ಯಾವುದು ಅನ್ನುವುದಿಲ್ಲ.
ಅದಕ್ಕೇ ಕಾಳಿನ ಪೆಟ್ಟಿಗೆಯ ಬಾಯಿಗೆ ಅಂಟುಪಟ್ಟಿ;
ತಲೆ ತಾಗಿಸಿ ಹೋದವರ ಎರಡು ಕೂದಲು
ಲಕೋಟೆಯೊಳಗೆ ಪಟ್ಟಣಕ್ಕೆ, ಸೂಕ್ಷ್ಮದರ್ಶಕಕ್ಕೆ.

ಫಾರಂನಲ್ಲಿ ಮೂರು ಚೌಕ:
ಕೆಂಪು. ಬೂದು. ಗೊತ್ತಾಗಲಿಲ್ಲ.
ಕೆಂಪು ಅಂದರೆ ನಕ್ಷೆಯ ಮೇಲೊಂದು ಗುಂಡುಸೂಜಿ.
ಬೂದು ಅಂದರೆ ಎರಿಂಗ್ಟನ್‌ಗೆ ಒಂದು ಫೋನು.
ಎರಿಂಗ್ಟನ್ ಒಳ್ಳೆಯವನು. ಬೋನನ್ನು ಬಿಸಿಲಿಗಿಡುವುದಿಲ್ಲ,
ಬೇಗ ಮುಗಿಸುತ್ತಾನೆ,
ಮುಗಿಸಿದ ದಿನ ನಮ್ಮ ಜೊತೆ ಟೀಗೆ ನಿಲ್ಲುವುದಿಲ್ಲ.

ಬೂದು ಹೊತ್ತು ತಿರುಗುವ ಸಿಡುಬು ಬೂದಿಗೆ ಏನೂ ಮಾಡದು.
ಕೆಂಪಿಗೆ ತಗುಲಿದರೆ ಎರಡು ವಾರ:
ಕಣ್ಣು ಹುಣ್ಣಾಗಿ, ಬೀಜ ಹಿಡಿಯಲಾಗದೆ,
ಬಂದು ದಾರಿಯಲ್ಲಿ ಕೂತುಬಿಡುತ್ತದೆ.
ಹಾಗೆ ಕೂತ ಒಂದನ್ನು ವಿನ್
ಪಾತ್ರೆ ಒರೆಸುವ ಬಟ್ಟೆಯಲ್ಲಿ ಎತ್ತಿಕೊಂಡಿದ್ದಳಂತೆ.
ಅದರ ಬಗ್ಗೆ ಅವಳು ಹೇಳುವುದು ಅಷ್ಟೇ.

ಏಳನೆಯ ಗುರುವಾರ ಅವಳಿಗೆ ಮೊಣಕಾಲು ನೋವು,
ಕಾರಿನಲ್ಲೇ ಕೂತಳು.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಾನೊಬ್ಬನೇ.
ಮೂರು ಗಂಟೆಗೇ ಸೂರ್ಯ ಮರಗಳ ಸೊಂಟಕ್ಕಿಳಿದಿದ್ದ.
ಮೊದಲು ಕರಕರ ಸದ್ದು.
ಪೈನ್ ಸಿಪ್ಪೆಯ ಚೂರು ನನ್ನ ತೋಳಿನ ಮೇಲೆ.
ತಲೆ ಎತ್ತಿದರೆ ಕಾಂಡದ ಮರೆಯಿಂದ ಅರ್ಧ ಅಳಿಲು.
ಅರ್ಧವೇ.

ಬಾಲದ ಸುತ್ತ ಬೆಳ್ಳಗೆ ಉರಿಯುತ್ತಿತ್ತು,
ಕೂದಲಿನ ಅಂಚೋ, ಹಿಂದಿದ್ದ ಸೂರ್ಯನೋ.
ಪಕ್ಕೆ ಕೆಂಪು.
ಕಿವಿಯ ಮೇಲೇನೋ ಇತ್ತು, ಇಲ್ಲವೆಂದರೆ ಇರಲಿಲ್ಲ.
ನನ್ನ ಬಲಗಾಲು, ಹಾಳು ಅಭ್ಯಾಸ,
ಪಾಚಿಯನ್ನು ಒತ್ತಿ ಹಿಡಿದಿತ್ತು.
ಅದು ನನ್ನನ್ನು ನೋಡಿತು.
ನಾನು ಏನೆಂದು ತಿಳಿಯಲು ಅದಕ್ಕೆ ಒಂದು ರೆಪ್ಪೆಯಷ್ಟು ಹೊತ್ತು ಹಿಡಿಯಿತು.
ಹೋಯಿತು.
ಕೊಂಬೆ ನೋಡಬೇಕಿತ್ತು.
ನಾನು ಅದು ಹೋದ ಜಾಗವನ್ನೇ ನೋಡುತ್ತಿದ್ದೆ.

ಕಿಟಕಿ ಇಳಿಸಿ, ಏನು? ಅಂದಳು.
ಪೆನ್ಸಿಲು ಮೂರನೆಯ ಚೌಕದ ಮೇಲೆ ನಿಂತದ್ದು ಕಂಡು
ಕನ್ನಡಕ ತೆಗೆದಳು:
ಗೊತ್ತಾಗಲಿಲ್ಲವೋ, ಗೊತ್ತುಮಾಡಿಕೊಳ್ಳಲಿಲ್ಲವೋ?

ನಾನು ಹೀಟರ್ ಹಾಕಿದೆ.
ತೋಳಿಗಂಟಿದ್ದ ಸಿಪ್ಪೆಯ ಚೂರನ್ನು ಬಿಡಿಸಿ
ಅವಳ ಕೈಗಿಟ್ಟೆ.
ಗಾಜಿನಾಚೆ ಉಳಿದಿದ್ದ ಬೆಳಕಿಗೆ ಹಿಡಿದು
ತಿರುಗಿಸಿ ಮುರುಗಿಸಿ ಬಹಳ ಹೊತ್ತು ನೋಡಿದಳು.

ಅಳಿಲು, ಅಂದಳು.